ಪುಟ್ಟಿ ಹಚ್ಚಿದ ಹೆಲ್ಮೆಟ್ಟು

ಆ ಶನಿವಾರ ಬೆಳಿಗ್ಗೆ ಮಳೆ ಎನ್ನುವಂಥ ಮಳೆಯೇನೂ ಬರಲಿಲ್ಲ. ಜರಡಿಯಲ್ಲಿ ಸೋಸಿದಂತೆ ಸಣ್ಣಗೆ ಹನಿಯಿತು, ರಸ್ತೆಯ ಧೂಳನ್ನಷ್ಟು ಒದ್ದೆ ಮಾಡಿ ನಿಂತುಬಿಟ್ಟಿತು. ಜೋರು ಮಳೆಯಾದರೆ ರಸ್ತೆ ತೊಳೆದುಹೋಗುತ್ತದೆ. ಇಂಥ ಹನಿಗೆ ಎಣ್ಣೆ ಸವರಿದಂತಾಗುತ್ತದೆ. ಸೈಕಲ್ ರೇಸಿನ ಮಕ್ಕಳಿಗೆಲ್ಲ ಅದು ಗೊತ್ತು. ಗೊತ್ತಿದ್ದೂ ಟಿಂಕರಿಂಗ್ ಮೇಸ್ತ್ರಿಯ ಮಗಳು ನೀರಿನ ಟ್ಯಾಂಕಿನ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ.

ಅವಳಿಗೆ ಹದಿಮೂರು ವರ್ಷ. ಪೆಡಲಿನ ಮೇಲೆ ಎದ್ದು ನಿಂತು ನೆಗೆಯುವ ರೀತಿ ನೋಡಿ ಜೊತೆಯ ಮಕ್ಕಳು ಮಿಡತೆ ಎಂದು ಹೆಸರಿಟ್ಟಿದ್ದರು. ಮರುವಾರದ ಭಾನುವಾರ ಆಯ್ಕೆಯ ರೇಸು. ಮೊದಲ ಮೂವರಲ್ಲಿ ಬಂದರೆ ಕ್ರೀಡಾಶಾಲೆಗೆ ಸೇರಿಸಿಕೊಳ್ಳುತ್ತಾರೆ. ಊಟ, ಓದು, ಒಳ್ಳೆಯ ಸೈಕಲ್ಲು ಎಲ್ಲ ಅವರದೇ. ಅಪ್ಪ ತಿರುವಿನಲ್ಲೇ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ. ಅವನ ಕಣ್ಣೆದುರೇ ಸೈಕಲ್ಲು ಜಾರಿತು. ಹೆಲ್ಮೆಟ್ಟು ಹಾಕಿದ್ದ ಮಗಳ ತಲೆ ರಸ್ತೆಯಂಚಿನ ಕಲ್ಲಿಗೆ ಬಡಿದು, ಮಡಕೆ ಕುಕ್ಕಿದಂಥ ಸದ್ದಾಯಿತು.

ಅಪ್ಪ ಓಡಿಹೋಗಿ ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು.

"ಅಪ್ಪಾ, ಟೈಮ್ ಎಷ್ಟಾಯ್ತು?"

ಅಪ್ಪ ಹೇಳಿದ. ಅವಳು ಮತ್ತೆ ಕೇಳಿದಳು, "ಅಪ್ಪಾ, ಟೈಮ್ ಎಷ್ಟಾಯ್ತು?" ಮನೆ ಸೇರುವಷ್ಟರಲ್ಲಿ ನಾಲ್ಕು ಸಲ ಅದನ್ನೇ ಕೇಳಿದಳು.

"ನೋಡೇ, ನೆಲಕ್ಕೆ ಬಿದ್ರೂ ಟೈಮೇ ಬೇಕು ನಿನ್ನ ಮಗಳಿಗೆ!" ಎಂದು ಅಪ್ಪ ಹೆಂಡತಿಯ ಮುಂದೆ ಹೆಮ್ಮೆಪಟ್ಟ.

ಮೇಸ್ತ್ರಿ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಗುದ್ದಿಸಿಕೊಂಡು ನೆಗ್ಗಿದ ಕಾರು ಅವನ ಗ್ಯಾರೇಜಿಗೆ ಬಂದರೆ, ಕಣ್ಣು ಮುಚ್ಚಿಕೊಂಡು ತಗಡಿನ ಮೇಲೆ ಅಂಗೈ ಆಡಿಸುತ್ತಾನೆ. ಕಣ್ಣಿಗೆ ಕಾಣದ ತಗ್ಗನ್ನೂ ಕೈ ಹೇಳುತ್ತದೆ. ಅಂದು ಮಗಳ ತಲೆಯ ಮೇಲೂ ಹಾಗೆಯೇ ಕಣ್ಣು ಮುಚ್ಚಿ ಕೈಯಾಡಿಸಿದ.

"ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ, ಒಂದು ಗೀರೂ ಇಲ್ಲ. ಏನೂ ಆಗಿಲ್ಲ" ಎಂದ.

ಹೆಲ್ಮೆಟ್ಟಿನಲ್ಲಿ ಮಾತ್ರ ಬಲಗಿವಿಯ ಹಿಂದೆ ಬೆರಳುದ್ದದ ಬಿರುಕು ಬಿಟ್ಟಿತ್ತು. ಅದನ್ನು ಗ್ಯಾರೇಜಿಗೆ ಒಯ್ದು ಕಾರಿನ ತಗ್ಗಿಗೆ ಮೆತ್ತುವ ಪುಟ್ಟಿ ಪೇಸ್ಟನ್ನೇ ಬಿರುಕಿಗೆ ತುಂಬಿದ. ಒಣಗಿದ ಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ, ಕೆಂಪು ಬಣ್ಣ ಹೊಡೆದ. ಅಂಗಡಿಯಿಂದ ಈಗ ತಂದದ್ದೇನೋ ಎಂಬಂತೆ ಅದು ಮಿರಮಿರ ಮಿಂಚಿತು.

ಮಂಗಳವಾರ ಮಗಳು ಶಾಲೆಯಲ್ಲಿ ವಾಂತಿ ಮಾಡಿಕೊಂಡಳು. ಬುಧವಾರ ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಹೊದಿಕೆ ಎಳೆದುಕೊಂಡು ಮಲಗಿದಳು. ಗುರುವಾರ ಸಂಜೆ ಪಕ್ಕದ ಮನೆಯ ನರ್ಸಮ್ಮ ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ, ಹುಡುಗಿ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು.

"ಏನಾಯ್ತೇ ಮಿಡತೆ?"

"ಏನಿಲ್ಲ ದೊಡ್ಡಮ್ಮಾ, ಸ್ವಲ್ಪ ತಲೆನೋವು. ಅಮ್ಮಂಗೆ ಹೇಳ್ಬೇಡಿ, ರೇಸು ತಪ್ಪಿಹೋಗುತ್ತೆ."

ನರ್ಸಮ್ಮ ಪಕ್ಕದಲ್ಲೇ ಕೂತು ಒಂದೊಂದಾಗಿ ಕೇಳಿ ಎಲ್ಲ ತಿಳಿದುಕೊಂಡರು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ನಡೆದರು. ಮೇಸ್ತ್ರಿ ಊಟಕ್ಕೆ ಕೂತಿದ್ದ.

"ಮೇಸ್ತ್ರಿ, ಮಗಳ ತಲೆಗೆ ಪೆಟ್ಟಾಗಿದೆ. ನಾಳೆ ಬೆಳಿಗ್ಗೇನೇ ಡಾಕ್ಟರಿಗೆ ತೋರಿಸು. ಅವರು ಹೂಂ ಅನ್ನೋವರೆಗೂ ಸೈಕಲ್ ಮುಟ್ಟಿಸಬೇಡ."

"ಅಯ್ಯೋ ಅಕ್ಕಾ, ಬಿದ್ದು ಐದು ದಿನ ಆಯ್ತು. ತಲೇಲಿ ಒಂದು ಬುಗುಟೂ ಇಲ್ಲ, ನೋಡಿ ಬೇಕಾದ್ರೆ."

"ಬುಗುಟು ಹೊರಗೆ ಇರ್ಬೇಕು ಅಂತ ಯಾರು ಹೇಳಿದ್ದು? ಬುರುಡೆಯೊಳಗೆ ಮಿದುಳು ಅಲುಗಾಡಿದೆ. ಕೇಳಿದ್ದೇ ಕೇಳಿದ್ದು, ವಾಂತಿ, ಬೆಳಕು ಆಗದೇ ಇರೋದು, ಎಲ್ಲ ಅದರ ಗುರುತೇ. ಗಾಯ ಮಾಯೋಕೆ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ, ಸಣ್ಣ ಪೆಟ್ಟಾದ್ರೂ ಸಾಕು, ಮಗು ಕೈ ಬಿಟ್ಟುಹೋಗಬಹುದು."

"ನೀವು ಸೂಜಿ ಚುಚ್ಚೋರು ಅಕ್ಕಾ. ನಿಮಗೆ ಕಂಡೋರೆಲ್ಲ ರೋಗಿಗಳೇ."

"ನೀನು ತಗಡು ಬಡಿಯೋನು ಕಣಪ್ಪಾ. ನಿಂಗೆ ಮೇಲಿನ ಬಣ್ಣ ಬಿಟ್ಟು ಇನ್ನೇನೂ ಕಾಣಲ್ಲ."

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಅಕ್ಕ ಹೇಳೋದು ಕೇಳ್ರೀ. ರೇಸು ಮುಂದಿನ ವರ್ಷಾನೂ ಬರುತ್ತೆ."

"ಮುಂದಿನ ವರ್ಷ ಅವಳಿಗೆ ಹದಿನಾಲ್ಕು ತುಂಬಿರುತ್ತೆ, ಸೇರಿಸ್ಕೊಳ್ಳಲ್ಲ!" ಮೇಸ್ತ್ರಿಯ ದನಿ ಏರಿತು. ಆಮೇಲೆ ತಗ್ಗಿತು. "ಭಾನುವಾರ ಒಂದು ಕಳೀಲಿ ಅಕ್ಕಾ. ಸೋಮವಾರ ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ. ಆಣೆ."

ಅವನು ಕೆಟ್ಟ ತಂದೆಯಲ್ಲ. ನಸುಕಿನಲ್ಲಿ ಮಗಳಿಗಿಂತ ಮೊದಲು ಎದ್ದು ಅವಳ ಸೈಕಲ್ಲಿನ ಚೈನು ಒರೆಸುತ್ತಿದ್ದ. ಬಣ್ಣದ ಹೊಗೆ ಕುಡಿಯುವ ಬದುಕು ತನಗೇ ಕೊನೆಯಾಗಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದ. ಪ್ರೀತಿ ಇತ್ತು. ಅದರ ಕಣ್ಣು ಭಾನುವಾರದ ಮೇಲೆ ನೆಟ್ಟುಹೋಗಿತ್ತು, ಅಷ್ಟೇ.

ಭಾನುವಾರ ಒಳ್ಳೆಯ ಬಿಸಿಲಿತ್ತು. ಮೂರನೆಯ ಸುತ್ತಿನಲ್ಲಿ ಮಿಡತೆ ಎರಡನೆಯವಳಾಗಿದ್ದಳು. ನೆಟ್ಟಗಿನ ರಸ್ತೆಯಲ್ಲೇ ಅವಳ ಸೈಕಲ್ಲು ಯಾಕೋ ಮೆಲ್ಲಗೆ ಅಂಚಿಗೆ ಸರಿಯುತ್ತ ಬಂದು, ಹಿಂದಿನವಳ ಚಕ್ರಕ್ಕೆ ತಾಗಿ ಮಗುಚಿತು. ಅಂಥ ಜೋರಾಗಿ ಬಿದ್ದದ್ದೇನೂ ಅಲ್ಲ. ಆ ಇನ್ನೊಬ್ಬಳು ಮೊಣಕೈ ಒರೆಸಿಕೊಂಡು ಎದ್ದಳು. ಇವಳೂ ಏಳುತ್ತಾಳೆಂದು ಜನ ಚಪ್ಪಾಳೆ ತಟ್ಟಿ ಕರೆದರು. ಏಳಲಿಲ್ಲ. ಹೆಲ್ಮೆಟ್ಟು ಪುಟ್ಟಿಯ ಗೆರೆಯುದ್ದಕ್ಕೂ ಎರಡು ಹೋಳಾಗಿ ರಸ್ತೆಯ ಮೇಲೆ ಬಿದ್ದಿತ್ತು.

ಹನ್ನೊಂದು ದಿನ ಅವಳು ಕಣ್ಣು ತೆರೆಯಲಿಲ್ಲ. ಮೊದಲ ದಿನವೇ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಮುಂಚೆ ಬಿದ್ದಿದ್ದಳಾ?" ಮೇಸ್ತ್ರಿ ಹೌದೆಂದು ತಲೆಯಾಡಿಸಿದ. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಹೆಲ್ಮೆಟ್ಟಿನ ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನ ಬಳಿಗೆ ನರ್ಸಮ್ಮ ಬಂದರು.

"ಎಷ್ಟು ನೀಟಾಗಿ ಮಾಡಿದ್ದೆ ಅಕ್ಕಾ. ಯಾಕೆ ಒಡೀತು?"

ನರ್ಸಮ್ಮ ಒಂದು ಹೋಳನ್ನು ತಿರುಗಿಸಿ ಒಳಮೈ ತೋರಿಸಿದರು. "ಈ ಥರ್ಮಾಕೋಲ್ ಇದ್ಯಲ್ಲ, ಪೆಟ್ಟನ್ನ ತಾನು ನುಂಗಿ ತಲೆ ಉಳಿಸೋದು ಇದೇ. ಒಂದು ಸಲ ನುಂಗಿ ಅಮುಕಿಹೋದ್ರೆ ಮುಗೀತು, ಮತ್ತೆ ಉಬ್ಬಲ್ಲ. ಆ ಶನಿವಾರ ಇದು ತನ್ನ ಕೆಲಸ ಮಾಡಿ ಸತ್ತುಹೋಗಿತ್ತು ಮೇಸ್ತ್ರಿ. ನೀನು ಅದರ ಮೇಲೆ ಬಣ್ಣ ಹೊಡೆದೆ."

ಮೇಸ್ತ್ರಿ ಆ ಒಳಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಥಟ್ಟನೆ ಮುಖ ಎತ್ತಿದ.

"ಅಕ್ಕಾ, ಇನ್ನೊಂದಿದೆ. ದರ್ಜಿಯಮ್ಮನ ಮಗಳದ್ದು. ಇದನ್ನ ನೋಡಿ ಅವರೂ ತಂದ್ಕೊಟ್ಟಿದ್ರು. ಅದಕ್ಕೂ ಪುಟ್ಟಿ ಹಚ್ಚಿ ಕೊಟ್ಟಿದೀನಿ. ಆ ಮಗು ಹಾಕ್ಕೊಂಡು ಓಡಿಸ್ತಿದೆ."

ನರ್ಸಮ್ಮ ಕೂಡಲೇ ದರ್ಜಿಯಮ್ಮನಿಗೆ ಫೋನು ಮಾಡಿದರು.

ದೇವರು ಮಿಡತೆಯನ್ನು ಉಳಿಸಿಕೊಟ್ಟ. ಅದಕ್ಕೆ ಆ ಮನೆ ದಿನಾ ಕೈಮುಗಿಯುತ್ತದೆ. ಹೋದದ್ದನ್ನೂ ದೇವರ ತಲೆಗೇ ಕಟ್ಟುವುದು ನ್ಯಾಯವಲ್ಲ. ನಾಲ್ಕು ತಿಂಗಳಾಯಿತು. ಈಗ ಗೋಡೆ ಹಿಡಿದು ನಡೆಯುತ್ತಾಳೆ. ಎಡಗೈಗೆ ಅಂಗಿಯ ಗುಂಡಿ ಸಿಗುವುದಿಲ್ಲ. ಚಮಚ ಬೇಕಾದಾಗ ಬಾಚಣಿಗೆ ಎನ್ನುತ್ತಾಳೆ. ಬಾಚಣಿಗೆ ಕೊಟ್ಟರೆ ಅದನ್ನು ನೋಡಿ ತಾನೇ ಅಳುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ, "ಅಪ್ಪಾ, ರೇಸು ಯಾವತ್ತು?" ಎಂದು ಕೇಳುತ್ತಾಳೆ. ಅಪ್ಪ ಪ್ರತಿದಿನ ಹೊಸದಾಗಿ ಉತ್ತರ ಹುಡುಕುತ್ತಾನೆ.

ಮಕ್ಕಳನ್ನು ರೇಸಿಗೆ ಕಳಿಸುವ ತಾಯಂದಿರೇ, ತಂದೆಯರೇ, ಕಳಿಸಬೇಡಿ ಎಂದು ಹೇಳುವುದಕ್ಕೆ ಈ ಕಥೆಯಲ್ಲ. ಸೈಕಲ್ಲಿನಷ್ಟು ಖುಷಿ ಕೊಡುವುದು ಮಕ್ಕಳಿಗೆ ಇನ್ನೇನಿದೆ? ಆದರೆ ತಲೆಗೆ ಪೆಟ್ಟಾದರೆ, ಡಾಕ್ಟರು ಹೂಂ ಎನ್ನುವವರೆಗೂ ಮಗುವನ್ನು ಮತ್ತೆ ಸೈಕಲ್ ಹತ್ತಿಸಬೇಡಿ, ಎಷ್ಟೇ ಗೋಗರೆದರೂ ಸರಿ. ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಕೇಳುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಎಬ್ಬಿಸಿದರೂ ಏಳದಂಥ ನಿದ್ದೆಯಾದರೆ ಒಂದು ಗಳಿಗೆಯೂ ಕಾಯಬೇಡಿ. ಮಕ್ಕಳು ರೇಸಿನ ಆಸೆಗೆ ನೋವು ಮುಚ್ಚಿಡುತ್ತಾರೆ. ಕೆದಕಿ ಕೇಳಬೇಕಾದವರು ನೀವು. ಪೆಟ್ಟು ತಿಂದ ಹೆಲ್ಮೆಟ್ಟನ್ನು ರಿಪೇರಿ ಮಾಡಿಸಬೇಡಿ, ತಮ್ಮನಿಗೋ ತಂಗಿಗೋ ದಾಟಿಸಬೇಡಿ. ಮುರಿದು ಎಸೆಯಿರಿ.

ಗ್ಯಾರೇಜಿನ ಬಾಗಿಲು ಮತ್ತೆ ತೆಗೆದ ವಾರ ಮೇಸ್ತ್ರಿ ದರ್ಜಿಯಮ್ಮನ ಅಂಗಡಿಗೆ ಹೋದ. ಅವರು ಮಿಷನ್ ನಿಲ್ಲಿಸಿ ಎದ್ದು ನಿಂತರು. ಅವನು ಚೀಲದಿಂದ ಹೊಸ ಹೆಲ್ಮೆಟ್ಟೊಂದನ್ನು ತೆಗೆದು, ಕತ್ತರಿಸಿದ ಬಟ್ಟೆಗಳ ಪಕ್ಕ ಇಟ್ಟ.

"ಇದು ನಮ್ಮದಲ್ಲವಲ್ಲ ಅಣ್ಣಾ" ಎಂದರು ದರ್ಜಿಯಮ್ಮ.

"ನಿಮ್ಮದೇ ಅಮ್ಮಾ. ಅವತ್ತು ನಾನು ಕೊಡಬೇಕಾಗಿದ್ದು ಇದು."

ಹಳೆಯದನ್ನು ಕೇಳಿ ತೆಗೆದುಕೊಂಡು, ಕಂಕುಳಲ್ಲಿ ಅವುಚಿ ಹೊರಟುಹೋದ.