ಟೀವಿಯೊಳಗಿಂದ ಬಂದ ಭಾನಾಮತಿ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಚಹಾ ನನ್ನ ತಮ್ಮ ಮಹಾರುದ್ರಪ್ಪನಿಗೆ, ಎರಡನೆಯದು ಕಮಳಾಬಾಯಿಗೆ. ಆಕೆಯ ಲೋಟ ಬೇರೆ, ಅದು ಅಂಗಳದ ಗೂಡಿನಲ್ಲಿ ಇರುತ್ತಿತ್ತು. ಬೇರೆ ಯಾಕೆ ಎಂದು ನಾನೂ ಎಂದೂ ಕೇಳಲಿಲ್ಲ. ಹೆರಿಗೆ, ಬಾಣಂತನದ ಹೊತ್ತಿಗೆ ಮಾತ್ರ ಆಕೆ ಒಳಗಿನ ಕೋಣೆಯವರೆಗೂ ಬರಬಹುದಿತ್ತು. ಘಾಟಬೋರಾಳದ ಆಚೆ ಇರುವ ನಮ್ಮ ಸಣ್ಣ ಊರಿನಲ್ಲಿ ನಲವತ್ತು ವರ್ಷ ಬಾಣಂತಿಯರ ಮೈ ತಿಕ್ಕಿದವಳು ಆಕೆ. ನನ್ನ ತಮ್ಮನ ಮಗ ಸಂಜೀವಕುಮಾರನನ್ನು ಕಾಲ ಮೇಲೆ ಮಲಗಿಸಿಕೊಂಡು ಮೊದಲ ನೀರು ಹಾಕಿದವಳೂ ಆಕೆಯೇ. ನಾನು ಸೂಗಮ್ಮ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು. ನನಗೆ ಆ ಊರಿನಲ್ಲಿ ಗೆಳತಿ ಎಂದರೆ ಕಮಳಾಬಾಯಿ ಒಬ್ಬಳೇ.

ಎರಡು ಸಾವಿರದ ಏಳನೆಯ ಇಸವಿಯ ಬೇಸಿಗೆ. ಸಂಜೀವಕುಮಾರನ ಹೆಂಡತಿ ಪೂನಂಗೆ ಆರು ತಿಂಗಳ ಬಸಿರು ಇಳಿದುಹೋಯಿತು. ಮಾಣಿಕನಗರದ ಅಂಗಡಿಯವರ ಮಗಳು, ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಒಮ್ಮೊಮ್ಮೆ ಹಲ್ಲು ಕಚ್ಚಿಕೊಂಡು, ಕೈಕಾಲು ಸೆಟೆದು ಬೀಳುತ್ತಿದ್ದಳು. ಕಮಳಾಬಾಯಿ ಬಂದು ಅಂಗಾಲಿಗೆ ಔಡಲೆಣ್ಣೆ ತಿಕ್ಕುತ್ತ, "ಅಳು ನನ್ನವ್ವ, ಅತ್ತು ಬಿಡು" ಎನ್ನುತ್ತಿದ್ದಳು. ಹುಡುಗಿ ಅತ್ತು ಹಗುರಾಗಿ ಮಲಗುತ್ತಿದ್ದಳು. ಹುಮನಾಬಾದಿನ ಡಾಕ್ಟರು ನೋಡಿ, ಮೈಯಲ್ಲಿ ರೋಗವಿಲ್ಲ, ಮನಸ್ಸಿಗೆ ಪೆಟ್ಟಾಗಿದೆ, ಗುಲ್ಬರ್ಗಾಕ್ಕೆ ಕರೆದೊಯ್ದು ಮನಸ್ಸಿನ ಡಾಕ್ಟರಿಗೆ ತೋರಿಸಿರಿ ಎಂದರು.

ಮಹಾರುದ್ರಪ್ಪ ಒಪ್ಪಲಿಲ್ಲ. "ಸೊಸೀಗಿ ಹುಚ್ಚ ಹಿಡದದ ಅಂತ ಊರ ಮಂದಿ ಆಡಕೋಬೇಕೇನು? ನಾ ಪಂಚಾಯ್ತಿ ಕಟ್ಟಿ ಮ್ಯಾಲ ಹ್ಯಾಂಗ ಕೂಡ್ಲಿ?"

ಮನೆಗೆ ಕೇಬಲ್ಲು ಬಂದು ಎರಡು ವರ್ಷವಾಗಿತ್ತು. ಶನಿವಾರ ಸಂಜೆ ಏಳಕ್ಕೆ ಒಂದು ಕಾರ್ಯಕ್ರಮ ಬರುತ್ತಿತ್ತು, ಅದರಲ್ಲಿ ಭಾನಾಮತಿ ತೋರಿಸುತ್ತಿದ್ದರು. ಯಾರೋ ಮಾಟ ಮಾಡಿದರೆ ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆ ಎಂಬ ಆ ಮಾತನ್ನು ನಾನು ಸಣ್ಣವಳಿದ್ದಾಗ, ನಿಜಾಮನ ಕಾಲ ಮುಗಿಯುವ ಹೊತ್ತಿಗೆ ಕೇಳಿದ್ದೆ. ಆಮೇಲೆ ನಮ್ಮೂರಿನಲ್ಲಿ ಅದು ತಾನಾಗಿಯೇ ಸತ್ತಿತ್ತು. ಈಗ ವಾರವಾರ ಸಂಗೀತ ಹಾಕಿ ಅದನ್ನು ಎಬ್ಬಿಸಿ ಕೂರಿಸಿದರು. ಅದರಲ್ಲಿ ಕಾವಿ ತೊಟ್ಟವನೊಬ್ಬ, ಮಾಟ ಮಾಡಿದವರು ಮನೆಗೆ ಬಂದುಹೋಗುವ ಮುದುಕಿಯರೇ ಇರುತ್ತಾರೆ, ಅವರ ಹಲ್ಲು ಕಿತ್ತರೆ ಬಾಯಲ್ಲಿ ಮಂತ್ರ ಹೊರಳುವುದಿಲ್ಲ ಎಂದು ಪಾಠದಂತೆ ಹೇಳುತ್ತಿದ್ದ. ಪೂನಂ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಮೂರನೆಯ ವಾರ ಕೂದಲು ಬಿಚ್ಚಿ, ನೆಲಕ್ಕೆ ಎರಡೂ ಕೈ ಊರಿ ಬೊಗಳಿದಳು. ಟೀವಿಯಲ್ಲಿ ತೋರಿಸಿದ ಹೆಣ್ಣುಮಗಳು ಕೈ ಊರಿದ್ದೂ ಹಾಗೆಯೇ.

"ಮಹಾರುದ್ರಾ, ಆ ಡಬ್ಬಿ ಬಂದ್ ಮಾಡು. ಹುಡುಗಿ ಅದನ್ನ ನೋಡಿ ಕಲ್ತಾಳ" ಎಂದೆ.

"ನಿನಗೇನು ತಿಳೀತದ ಅಕ್ಕಾ? ದೊಡ್ಡ ದೊಡ್ಡ ಓದಿದವರು ತೋರಸಾಕತ್ತಾರ."

ಸಂಜೀವಕುಮಾರ ಟೀವಿಯಲ್ಲಿ ಕಾಣಿಸಿದ ನಂಬರಿಗೆ ಫೋನು ಹಚ್ಚಿದ. ನಾಲ್ಕೇ ದಿನದಲ್ಲಿ ಬಿಳಿ ಗಾಡಿಯಲ್ಲಿ ಚಾನೆಲ್ಲಿನವರು ಬಂದಿಳಿದರು. ಅಂದು ಪೂನಂ ಅನ್ನ ಉಂಡು ಶಾಂತವಾಗಿ ಮಲಗಿದ್ದಳು. ಮೈಕು ಹಿಡಿದವನಿಗೆ ಬೇಸರವಾಯಿತು. "ಏನೂ ಆಗ್ತಾನೇ ಇಲ್ವಲ್ಲ ಇಲ್ಲಿ" ಎಂದವನ ಕಣ್ಣು ಅಂಗಾಲು ತಿಕ್ಕುತ್ತಿದ್ದ ಕಮಳಾಬಾಯಿಯ ಮೇಲೆ ಬಿತ್ತು.

"ಅಜ್ಜಿ, ಸ್ವಲ್ಪ ಬಾಗಿಲಲ್ಲಿ ನಿಂತ್ಕೊಳ್ಳಿ. ಕೂದಲು ಬಿಚ್ಚಿ. ಕೈಯಲ್ಲಿ ಒಂದು ನಿಂಬೆಹಣ್ಣು ಇರಲಿ. ಸುಮ್ನೆ ಒಂದು ಶಾಟ್."

ನಿಂಬೆಹಣ್ಣು ತಂದುಕೊಟ್ಟವಳು ನಾನೇ. ಉಪ್ಪಿನಕಾಯಿಗೆಂದು ಬುಟ್ಟಿ ತುಂಬ ಇದ್ದವು.

"ಯಪ್ಪಾ, ಈ ಮಾರಿ ತೋರಸಿದ್ರ ನಿಮ್ಮ ಟೀವಿ ಒಡೀತದ ನೋಡು!" ಎಂದು ಆಕೆ ನಕ್ಕಳು. ನಾವೆಲ್ಲ ನಕ್ಕೆವು. ಮನೆಗೆ ಬಂದವರು ಕೇಳುತ್ತಾರೆ, ಇಲ್ಲ ಎನ್ನುವುದು ಹೇಗೆ ಎಂದುಕೊಂಡು, ಅವನು ಹೇಳಿದಂತೆ ನಿಂತಳು. ವಾರವೆಲ್ಲ ಓಣಿಯಲ್ಲಿ, "ಶನಿವಾರ ಮರೀಬ್ಯಾಡ್ರಿ, ನಾ ಬರ್ತೀನಿ" ಎಂದು ಸಾರಿಕೊಂಡು ತಿರುಗಿದಳು.

ಶನಿವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಮಳಾಬಾಯಿ ಹಸಿರು ಸೀರೆ ಉಟ್ಟು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಏ, ಅಕೀ ನಾನೇ ನೋಡ್ರಿ!" ಎಂದು ಕೈತಟ್ಟಿದಳು.

ಅಷ್ಟರಲ್ಲಿ ಚಿತ್ರ ಕೆಂಪಾಯಿತು, ನಿಧಾನವಾಯಿತು. ಎಲ್ಲಿಂದಲೋ ನಾಯಿ ಊಳಿಡುವ ಸದ್ದು ಸೇರಿತು. ಅಂದು ನಮ್ಮೊಡನೆ ನಕ್ಕ ನಗುವನ್ನೇ ಹಿಗ್ಗಿಸಿ ಹಿಗ್ಗಿಸಿ ನಾಲ್ಕು ಸಲ ತೋರಿಸಿದರು. "ಯಾರು ಈ ಮುದುಕಿ? ಆ ಕೈಯಲ್ಲೇನಿದೆ?" ಎಂದು ಒಂದು ದನಿ ಕೇಳಿತು. ಮಾಟಗಾತಿ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಬರೀ ಕೇಳಿದರು, ಉತ್ತರವನ್ನು ನಮ್ಮೂರಿಗೆ ಬಿಟ್ಟರು. ಮೆಟ್ಟಿಲ ಹತ್ತಿರ ಕುಳಿತಿದ್ದ ಒಬ್ಬ ತಾಯಿ ತನ್ನ ಕೂಸನ್ನು ಎಳೆದುಕೊಂಡಳು. ಆ ಕೂಸಿಗೂ ನೀರೆರೆದವಳು ಕಮಳಾಬಾಯಿ.

"ಅವ್ವಾರ, ಹೇಳ್ರಿ ಇವರಿಗಿ. ಅದು ಹ್ಯಾಂಗಾತು ಹೇಳ್ರಿ" ಎಂದು ಆಕೆ ನನ್ನತ್ತ ನೋಡಿದಳು.

"ನಿಂಬಿಹಣ್ಣು ನಾ ಕೊಟ್ಟೀನಿ. ಆ ಮನಷ್ಯಾ ಕೇಳ್ದ, ನಾ ತಂದು ಕೊಟ್ಟೆ. ಇದೇ ಮನ್ಯಾಗ, ನನ್ನ ಕಣ್ಣೆದುರಿಗೇ ಆಗ್ಯದ" ಎಂದೆ.

"ನಿನ್ನ ಕಣ್ಣಿಗಿ ಪೊರಿ ಬಂದದ ಅಕ್ಕಾ. ಕ್ಯಾಮರಾಕ್ಕ ಪೊರಿ ಬರೂದಿಲ್ಲ" ಎಂದ ಮಹಾರುದ್ರಪ್ಪ. "ಇಡೀ ರಾಜ್ಯ ನೋಡಾಕತ್ತದ. ಸುಳ್ಳಿದ್ರ ತೋರಸ್ತಿದ್ರೇನು?"

ಮಂದಿ ನಕ್ಕರು. ಅಂದು ನಾನು ಎದ್ದು ಆಕೆಯ ಪಕ್ಕದಲ್ಲಿ ಕೂರಬೇಕಿತ್ತು, ಕೂರಲಿಲ್ಲ. ನಲವತ್ತು ವರ್ಷ ಕಣ್ಣಾರೆ ಕಂಡ ಕಮಳಾಬಾಯಿಯನ್ನು ಊರು ಅರ್ಧ ತಾಸಿನಲ್ಲಿ ಮರೆಯಿತು.

ಸೋಮವಾರ ಮಧ್ಯಾಹ್ನ ನಮ್ಮ ದನದ ಕೊಟ್ಟಿಗೆಯಿಂದ ಕಮಳಾಬಾಯಿಯ ಕೂಗು ಕೇಳಿ ಓಡಿದೆ. ನಾಲ್ಕು ಗಂಡಸರು. ಆಕೆಯ ಎರಡೂ ಕೈ ಹಿಂದಕ್ಕೆ ತಿರುವಿ ಹಿಡಿದವನು ಸಂಜೀವಕುಮಾರ. "ಸಂಜೂ, ನಾ ಅಲ್ಲೇನೋ ಸಂಜೂ" ಎನ್ನುತ್ತಿದ್ದಳು, ಬಾಯಿಗೆ ಮೊಳೆ ಕೀಳುವ ಪಕ್ಕಡ ಬೀಳುವವರೆಗೂ. ಮುಂದಿನ ನಾಲ್ಕು ಹಲ್ಲು ಕಿತ್ತರು. ನನ್ನ ಹಿಂದೆ ಬಂದ ಪೂನಂ ಆ ರಕ್ತ ನೋಡಿ ಕಂಬ ಹಿಡಿದುಕೊಂಡಳು. "ಅಕಿ ನನಗೇನೂ ಮಾಡಿಲ್ಲ, ಅಕಿ ನನಗೇನೂ ಮಾಡಿಲ್ಲ" ಎಂದು ಅತ್ತಳು. ಅವಳ ಮಾತು ಯಾರಿಗೂ ಬೇಡವಾಗಿತ್ತು. ಅವಳು ಬೊಗಳಿದಾಗ ಮಾತ್ರ ಊರೆಲ್ಲ ಕಿವಿಗೊಟ್ಟಿತ್ತು.

ಪೂನಂ ಸೆಟೆದು ಬೀಳುವುದು ನಿಲ್ಲಲಿಲ್ಲ. ಮುಂದಿನ ಶನಿವಾರ ಚಾನೆಲ್ಲಿನವರು ಆ ನಿಂಬೆಹಣ್ಣಿನ ಚಿತ್ರವನ್ನೇ ಇನ್ನೊಮ್ಮೆ ತೋರಿಸಿದರು. ನೋಡುಗರು ಬಹಳ ಕೇಳಿದ್ದರಂತೆ.

ಕಮಳಾಬಾಯಿಯ ಮಗಳು ಸುಜಾತಾ ಬಸವಕಲ್ಯಾಣದಲ್ಲಿ ಅಂಗನವಾಡಿ ಟೀಚರು. ಬಂದು ತಾಯಿಯನ್ನು ಕರೆದೊಯ್ದು, ಹುಮನಾಬಾದಿನಲ್ಲಿ ಕೇಸು ಮಾಡಿದಳು. ಪೊಲೀಸರು ಊರಿಗೆ ಬಂದು ಕೇಳಿದರೆ ಎಲ್ಲರದೂ ಒಂದೇ ಮಾತು: ಮುದುಕಿ ಬಿದ್ದು ಹಲ್ಲು ಮುರಿದುಕೊಂಡಳು. ಅಲ್ಲದೆ ಅವಳು ಎಂಥವಳು ಎಂದು ಟೀವಿಯಲ್ಲಿ ಬಂದಿದೆ. ಬಂದ ಪೊಲೀಸರಲ್ಲಿ ಒಬ್ಬನು, ಹೌದು, ನಾನೂ ನೋಡಿದ್ದೆ ಎಂದ.

ಹದಿನೈದು ದಿನದ ಮೇಲೆ ಸುಜಾತಾ ನಮ್ಮ ಅಂಗಳಕ್ಕೆ ಬಂದಳು. ನಾನು ಚಹಾ ಕೊಟ್ಟೆ. ಅವಳು ಮುಟ್ಟಲಿಲ್ಲ.

"ಅವ್ವ ರೊಟ್ಟಿ ನೀರಾಗ ನೆನಸಿ ನುಂಗ್ತಾಳ್ರಿ. ಸೆರಗ ಬಾಯಿ ಮ್ಯಾಲಿಂದ ತಗೀವಲ್ಲಳು. ನಿಮ್ಮ ಮನೀ ಮಂದಿ ಮ್ಯಾಲ ಸಾಕ್ಷಿ ಹೇಳ್ರಿ ಅಂತ ಕೇಳಾಕ ನನಗ ನಾಲಿಗಿ ಏಳವಲ್ದು. ಆದ್ರ ಬ್ಯಾರೆ ಯಾರೂ ಇಲ್ಲ ಅವ್ವಾರ. ನೀವು ಹೇಳಲಿಲ್ಲಂದ್ರ ನಮ್ಮವ್ವ ಸಾಯೂತನಕ ಮಾಟಗಾತೀನೇ."

ಒಳಗಿನಿಂದ ಮಹಾರುದ್ರಪ್ಪ ಹೊರಬಂದ. "ಅಕ್ಕಾ, ಠಾಣಾಕ್ಕ ಹೋದಿ ಅಂದ್ರ ಮತ್ತ ಈ ಹೊಸ್ತಿಲ ತುಳೀಬ್ಯಾಡ. ಒಬ್ಬನೇ ಮಗ ಅದಾನ ನನಗ."

ಮೂವತ್ತು ವರ್ಷ ಆ ಮನೆಯ ಅನ್ನ ಉಂಡಿದ್ದೆ, ಬೇರೆ ಮನೆ ನನಗಿರಲಿಲ್ಲ. ಆಗ ಪೂನಂ ಒಳಗಿನಿಂದ ಬಂದು, ಮಾವನ ಎದುರೇ, ಮೂಲೆಯಲ್ಲಿದ್ದ ನನ್ನ ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟಳು.

ಹುಮನಾಬಾದಿನ ಠಾಣೆಯಲ್ಲಿ ಸಾಹೇಬರು ಕುರ್ಚಿ ಕೊಟ್ಟರು. ಕಾಗದ ಎಳೆದುಕೊಂಡು, ತಲೆ ಎತ್ತದೆ ಕೇಳಿದರು:

"ಹೇಳ್ರಿ ಅಜ್ಜಿ, ನೀವೂ ಟೀವ್ಯಾಗ ನೋಡೀರೇನು?"

"ಇಲ್ರಿ ಸಾಹೇಬ್ರ, ನಾ ಅಲ್ಲೇ ಇದ್ದೆ. ಅಕೀ ಕೈ ಹಿಡದವ ನಮ್ಮ ಸಂಜೀವಕುಮಾರ. ಬರಕೋರ್ರಿ."