ಝುವೈನಾ ಖಾಲಾ ಬಟ್ಟಲು ಅಲ್ಲಾಡಿಸಿದ್ದು

ನಮ್ಮೂರಿನ ವೃತ್ತದಿಂದ ಮೀನು ಮಾರುಕಟ್ಟೆಯವರೆಗೆ ನಡೆದರೆ ಈಗ ಒಂಬತ್ತು ಕ್ಲಿನಿಕ್ಕು ಸಿಗುತ್ತವೆ. ಬೇಕರಿಯ ಮಹಡಿಯ ಮೇಲೊಂದು, ಟೈಲರ್ ಅಂಗಡಿ ಇದ್ದ ಜಾಗದಲ್ಲೊಂದು, ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಎರಡು. ಹೋದ ರಂಜಾನ್ ಮುಗಿದ ಮೇಲೆ ಹೆದ್ದಾರಿಯ ಆಚೆ ಐದು ಮಹಡಿಯ ಖಾಸಗಿ ಆಸ್ಪತ್ರೆಯೂ ಎದ್ದು ನಿಂತಿದೆ. ಬೇಕರಿಯ ಮೇಲಿನ ಕ್ಲಿನಿಕ್ಕಿನವರಂತೂ ಬಾಗಿಲಿಗೆ ಬಲೂನು ಕಟ್ಟಿ, ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ಪುಕ್ಕಟೆ ಬಿಪಿ ನೋಡುತ್ತಾರೆ.

ನಾನು ಘಾಲಿಯಾ. ಸರ್ಕಾರಿ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಚೀಟಿ ಕೊಟ್ಟವಳು. ಈಗ ನಿವೃತ್ತಿಯಾಗಿದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಹಾಗಾಗಿ ಆರೋಗ್ಯ ಸ್ವಯಂಸೇವಕಿಯಾಗಿ ಮನೆ ಮನೆ ತಿರುಗುತ್ತೇನೆ. ಕ್ಲಿನಿಕ್ಕುಗಳು ಹೆಚ್ಚಾದವೆಂದು ನನಗೆ ಸಿಟ್ಟಿಲ್ಲ. ನಮ್ಮಮ್ಮನಿಗೆ ಹೆರಿಗೆ ನೋವು ಬಂದಾಗ ಮೀನಿನ ಪಿಕಪ್‌ನಲ್ಲಿ ಮಲಗಿಸಿಕೊಂಡು, ಹಳ್ಳದ ನೀರು ಇಳಿಯಲಿ ಎಂದು ದಂಡೆಯಲ್ಲಿ ಕಾದವರು ನಾವು. ಆ ದಿನ ಬಲೂನು ಕಟ್ಟಿದ ಒಂದು ಬಾಗಿಲಿದ್ದಿದ್ದರೆ ನನಗೊಬ್ಬ ತಮ್ಮ ಇರುತ್ತಿದ್ದ.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಅದನ್ನೇ ಹೇಳುತ್ತೇನೆ, ಕೇಳಿ.

ನನ್ನ ಪಕ್ಕದ ಮನೆ ಝುವೈನಾ ಖಾಲಾರದು. ಖಾಲಾ ಎಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಖಾಲಾನೇ. ವಯಸ್ಸು ಎಪ್ಪತ್ತರ ಹತ್ತಿರ. ಬೆಳಿಗ್ಗೆ ಹತ್ತಕ್ಕೆ ಓಣಿಯ ಹೆಂಗಸರೆಲ್ಲ ಅವರ ಮನೆಯ ಚಾಪೆಯ ಮೇಲೆ ಸೇರಿದರೆ ಖರ್ಜೂರ, ಕಾಫಿ, ಊರಿನ ಸುದ್ದಿ. ಆ ಮಂಗಳವಾರವೂ ಸೇರಿದ್ದೆವು. ಅವರ ಮಗಳು ನಸ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಿಂಗಳು ತುಂಬಿ ಗೋಡೆಗೆ ಒರಗಿ ಕೂತಿದ್ದಳು. ಖುಷಿಗೆ ಖಾಲಾರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ನಲವತ್ತು ದಿನವೂ ಮಗೂನ ನಾನೇ ಮೀಯಿಸೋದು” ಎಂದರು ಕಾಫಿ ಸುರಿಯುತ್ತಾ. “ಹೊಟ್ಟೆಗೆ ಎಣ್ಣೆ ಹಚ್ಚೋದೂ ನಾನೇ. ಆಸ್ಪತ್ರೆ ನರ್ಸು ಬಂದು ನನಗೆ ಕಲಿಸೋದು ಬೇಡ, ಆಯ್ತಾ?”

“ಆಯ್ತು ಖಾಲಾ, ಯಾರೂ ಬರಲ್ಲ” ಎಂದೆ ನಾನು. ಮೂರನೆಯ ಸಲ ಸುರಿಯಲು ಬಂದಾಗ ಬಟ್ಟಲು ಹಿಡಿದು ಅಲ್ಲಾಡಿಸಿದೆ, ಸಾಕು ಎಂದು. ಹಾಗೆ ಅಲ್ಲಾಡಿಸದಿದ್ದರೆ ಖಾಲಾ ಸುರಿಯುತ್ತಲೇ ಇರುತ್ತಾರೆ, ನಾವು ಕುಡಿಯುತ್ತಲೇ ಇರಬೇಕು.

ಅವರು ನಸ್ರಾಳ ಕಡೆ ತಿರುಗಿದರು. ತಿರುಗಿದವರು ಹಾಗೇ ವಾಲಿದರು. ಕೈಯಲ್ಲಿದ್ದ ಕೆಟಲು ಚಾಪೆಯ ಮೇಲೆ ಬಿದ್ದು, ಬಿಸಿ ಕಾಫಿ ನಸ್ರಾಳ ಕಾಲಿನ ಪಕ್ಕದಲ್ಲೇ ಹರಿಯಿತು. ಒಂದು ಗೇಣು ಆಚೆ ಬಿದ್ದಿದ್ದರೆ ಹೊಟ್ಟೆಯ ಮೇಲೆ. ನಾನು ಖಾಲಾರನ್ನು ಹಿಡಿದುಕೊಂಡೆ. ಮುಖ ಬಿಳಿಚಿತ್ತು, ಪಾದಗಳು ಊದಿ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಬಿದ್ದಿತ್ತು.

“ಎಷ್ಟ್ ದಿನದಿಂದ ಹೀಗೆ?”

“ಏನಿಲ್ಲ ಮಗಳೇ. ಸ್ವಲ್ಪ ತಲೆ ತಿರುಗುತ್ತೆ. ಅದಕ್ಕೂ ಮಾತ್ರೆ ತಗೋತಿದ್ದೀನಲ್ಲ.”

ಗದ್ದಲ ಕೇಳಿ ಮಗ ಹಿಲಾಲ್ ಒಳಗೆ ಬಂದ. ಬಂದರಿನ ಕಂಪನಿಯಲ್ಲಿ ಮೇಲ್ವಿಚಾರಕ. ತಾಯಿ ಎಂದರೆ ಪ್ರಾಣ. ಕಂಪನಿಯ ವಿಮೆ ಕಾರ್ಡು ಸಿಕ್ಕ ದಿನದಿಂದ ತಾಯಿಯನ್ನು ಹತ್ತಿಸದ ಕ್ಲಿನಿಕ್ಕಿನ ಮೆಟ್ಟಿಲಿಲ್ಲ. ಚಾಪೆ ನೋಡಿದ, ತಂಗಿಯ ಕಾಲು ನೋಡಿದ, ಅಲ್ಲೇ ಹೇಳಿಬಿಟ್ಟ.

“ಅಮ್ಮ, ಇದು ಮೂರನೇ ಸಲ. ಮಗು ಹುಟ್ಟಿದ ಮೇಲೆ ನಿನ್ನ ಕೈಗೆ ಕೊಡಲ್ಲ. ಬೇಜಾರು ಮಾಡ್ಕೋಬೇಡ. ಬೀಳಿಸಿಬಿಟ್ರೆ?”

ಖಾಲಾ ಆರು ಮಕ್ಕಳನ್ನು ಎತ್ತಿ ಬೆಳೆಸಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಈ ಕೈಗೆ ಮಗು ಬರಲೇಬೇಕು ಎಂದು ಆಗಲೇ ಹಟ ಹಿಡಿದೆ.

“ಖಾಲಾ, ನೀವು ತಗೊಳ್ಳೋ ಮಾತ್ರೆ ಎಲ್ಲಾ ತನ್ನಿ. ಒಂದೂ ಬಿಡದೆ.”

ತಂದರು. ಎಲ್ಲೆಲ್ಲಿಂದ ತಂದರು ಅಂತೀರಿ! ದಿಂಬಿನ ಕೆಳಗಿಂದ ಎರಡು. ಲೋಬಾನದ ಡಬ್ಬಿಯಿಂದ ಒಂದು. ಫ್ರಿಜ್ಜಿನಲ್ಲಿ ಖರ್ಜೂರದ ಪಕ್ಕದಿಂದ ಇನ್ನೊಂದು. ಕೈಚೀಲದಿಂದ ಮೂರು. ಚಾಪೆಯ ಮೇಲೆ ಹರಡಿದರೆ ಏಳು ಬಗೆ. ಕೊಟ್ಟವರು ಐದು ಕಡೆಯವರು.

“ಎರಡನೇ ಡಾಕ್ಟರಿಗೆ ಮೊದಲನೇ ಡಾಕ್ಟರ್ ಕೊಟ್ಟಿದ್ದನ್ನ ಹೇಳಿದ್ರಾ?”

ಖಾಲಾ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. “ಛೆ, ಅದು ಮರ್ಯಾದೆನಾ? ಈದ್ ದಿನ ಒಬ್ಬರ ಮನೇಲಿ ಉಂಡು ಇನ್ನೊಬ್ಬರ ಮನೆಗೆ ಹೋದಾಗ ‘ಅಲ್ಲೇ ಉಂಡು ಬಂದೆ’ ಅಂತೀಯಾ? ಅವರ ಮನಸ್ಸು ಏನಾಗುತ್ತೆ? ಕೊಟ್ಟಿದ್ದನ್ನ ತಗೋಬೇಕು, ಒಳ್ಳೇ ಮಾತಾಡಿ ಬರಬೇಕು. ಪಾಪ, ಎಷ್ಟು ಪ್ರೀತಿಯಿಂದ ಬರ್ಕೊಡ್ತಾರೆ!”

ಹೆಂಗಸರೆಲ್ಲ ತಲೆಯಾಡಿಸಿದರು. ಒಬ್ಬಾಕೆ, “ನಾನೂ ಹೇಳಲ್ಲ” ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಆ ಕಿಟಕಿಯಲ್ಲಿ ಕೂತಿದ್ದೆ, ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಇವರ ಕಾಫಿ ಕುಡಿದಿದ್ದೆ, ಒಂದು ದಿನವೂ ಈ ಪ್ರಶ್ನೆ ಕೇಳಿರಲಿಲ್ಲ. ನಾಚಿಕೆಯಾಯಿತು.

ಕನ್ನಡಕ ಹಾಕಿಕೊಂಡು ಡಬ್ಬಿಗಳ ಮೇಲಿನ ಸಣ್ಣ ಅಕ್ಷರ ಓದಿದೆ. ಹಳದಿ ಡಬ್ಬಿ ನಮ್ಮ ಆರೋಗ್ಯ ಕೇಂದ್ರದ್ದು, ಬಿಪಿ ಮಾತ್ರೆ. ನೀಲಿ ಡಬ್ಬಿ ಬಲೂನಿನ ಕ್ಲಿನಿಕ್ಕಿನದು. ದೊಡ್ಡ ಅಕ್ಷರದ ಹೆಸರು ಬೇರೆ, ಕೆಳಗೆ ಬರೆದಿದ್ದ ಔಷಧದ ಹೆಸರು ಒಂದೇ.

“ಹಿಲಾಲ್, ಇಲ್ಲಿ ನೋಡು. ಒಂದೇ ಮದ್ದು, ಎರಡು ಡಬ್ಬಿ. ನಿಮ್ಮಮ್ಮ ಎರಡನ್ನೂ ನುಂಗ್ತಿದ್ದಾರೆ.”

ಹಿಲಾಲ್ ಒಪ್ಪುವವನೇ? “ಅಕ್ಕ, ನೀವು ಚೀಟಿ ಕೊಡ್ತಿದ್ದವರು, ಡಾಕ್ಟರಲ್ಲ. ಐದು ಜನ ಡಾಕ್ಟರು ನೋಡಿದ್ದಾರೆ. ಐದೂ ಜನ ತಪ್ಪಾ? ನಾಳೆ ಹೊಸ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲಾ ಮೆಷಿನ್ನೂ ಇದೆ.”

“ಮೆಷಿನ್ನಿಗೆ ನಿಮ್ಮಮ್ಮನ ದಿಂಬಿನ ಕೆಳಗೆ ಏನಿದೆ ಅಂತ ಕಾಣುತ್ತಾ?” ನನ್ನ ದನಿ ಏರಿತು. “ಐದು ಜನರಲ್ಲಿ ಯಾರೂ ತಪ್ಪಲ್ಲ ಕಣಪ್ಪ. ಖಾಲಿ ಬಟ್ಟಲು ಕಂಡ್ರು, ಸುರಿದ್ರು. ಅಲ್ಲಾಡಿಸಿ ‘ಸಾಕು, ಆಗಲೇ ಕುಡಿದಿದ್ದೀನಿ’ ಅಂತ ಹೇಳಬೇಕಾದವರು ನಾವು. ಅವರಿಗೆ ಹೇಗೆ ಗೊತ್ತಾಗಬೇಕು? ಈ ಕ್ಲಿನಿಕ್ಕಿನ ಕಂಪ್ಯೂಟರ್ ಆ ಕ್ಲಿನಿಕ್ಕಿನ ಜೊತೆ ಮಾತಾಡುತ್ತಾ?”

ಹಿಲಾಲ್ ಬಗ್ಗಿ, ಬಿದ್ದಿದ್ದ ಕೆಟಲು ಎತ್ತಿ ಪಕ್ಕಕ್ಕಿಟ್ಟ. ಒಪ್ಪಿ ಅಲ್ಲ, ದೊಡ್ಡವಳ ಎದುರು ಜಗಳ ಬೇಡವೆಂದು.

ಮಾತಾಡಿದವರು ಖಾಲಾ. ಬಟ್ಟಲೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದರು. “ಘಾಲಿಯಾ, ಇದು ಸರಿಹೋದ್ರೆ ಮಗೂನ ನನ್ನ ಕೈಗೆ ಕೊಡ್ತಾರಾ?”

“ನೀವು ನೆಟ್ಟಗೆ ನಿಂತ್ರೆ ಯಾಕೆ ಕೊಡಲ್ಲ?”

“ಹಾಗಾದ್ರೆ ಹೋಗೋಣ. ಯಾವ ಆಸ್ಪತ್ರೆಯಾದ್ರೂ ಸರಿ.”

“ಈಗಲೇ ಹೋಗೋಣ. ಇಷ್ಟು ತಲೆ ತಿರುಗೋವಾಗ ನಾಳೆಗೆ ಕಾಯೋದು ಬೇಡ. ಹಿಲಾಲ್, ನಿನ್ನ ಹೊಸ ಆಸ್ಪತ್ರೆಗೇ ನಡಿ. ಆದರೆ ಈ ಏಳೂ ಡಬ್ಬಿ ನಮ್ಮ ಜೊತೆ ಬರ್ತವೆ.”

ಖಾಲಾ ಒಂದು ಬಟ್ಟೆಯ ಚೀಲ ತಂದರು. ಹಿಂದೆ ಒಣಗಿಸಿದ ನಿಂಬೆ ಇಡುತ್ತಿದ್ದ ಚೀಲ. ವಾಸನೆ ಇನ್ನೂ ಇತ್ತು.

ಹೊಸ ಆಸ್ಪತ್ರೆಯ ನೆಲ ಕನ್ನಡಿಯ ಹಾಗಿತ್ತು. ಡಾಕ್ಟರು ಈಜಿಪ್ಟಿನ ಹೆಂಗಸು, ಮುಖ ಒಳ್ಳೆಯದು, ಆದರೆ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ತಲೆ ತಿರುಗುತ್ತದೆ ಎಂದ ಕೂಡಲೇ ಕೀಬೋರ್ಡಿನ ಮೇಲೆ ಬೆರಳು ಓಡತೊಡಗಿತು.

“ಬೇರೆ ಮಾತ್ರೆ ಏನಾದ್ರೂ ತಗೋತೀರಾ ಅಮ್ಮ?”

ಖಾಲಾ ಬಾಯಿ ತೆರೆದರು. ಮುಚ್ಚಿದರು. ಎಪ್ಪತ್ತು ವರ್ಷದ ಮರ್ಯಾದೆ ಅಡ್ಡ ಬಂದಿತ್ತು. “ದೇವರ ದಯೆ, ಎಲ್ಲಾ ಚೆನ್ನಾಗಿದೆ” ಎನ್ನುವ ಮಾತು ತುಟಿಯವರೆಗೆ ಬಂದದ್ದು ನನಗೆ ಕಾಣುತ್ತಿತ್ತು. ನಾನು ಹೇಳಿಬಿಡಬಹುದಿತ್ತು. ಹೇಳಲಿಲ್ಲ, ನಾಲಿಗೆ ಕಚ್ಚಿಕೊಂಡು ಕೂತೆ. ನಾಳೆ ನಾನಿಲ್ಲದಾಗ ಬಾಯಿ ಬಿಡಬೇಕಾದವರು ಅವರೇ.

ಖಾಲಾ ಚೀಲ ಎತ್ತಿದರು. ಮೇಜಿನ ಮೇಲೆ ಹಿಡಿದು, ಕಾಫಿ ಬಟ್ಟಲಿನಂತೆ ಆ ಕಡೆ ಈ ಕಡೆ ಅಲ್ಲಾಡಿಸಿದರು. ಒಳಗೆ ಡಬ್ಬಿಗಳು ಗಲಗಲ ಎಂದವು.

“ಮಗಳೇ, ನನಗೆ ಆಗಲೇ ಬೇಕಾದಷ್ಟು ಸುರಿದಿದ್ದಾರೆ” ಎಂದರು. “ಮೊದಲು ಇದನ್ನ ನೋಡು. ಆಮೇಲೆ ಕೊಡೋದಿದ್ರೆ ಕೊಡು.”

ಡಾಕ್ಟರು ಚೀಲ ಬಿಚ್ಚಿದರು. ಒಂದೊಂದೇ ಡಬ್ಬಿ ಹೊರಗಿಡುತ್ತಾ ಹೋದಂತೆ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದರು. ಖಾಲಾರನ್ನು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಇನ್ನೊಮ್ಮೆ ನೋಡಿದರು. ನಿಂತಾಗ ಪಾತಾಳಕ್ಕೆ ಇಳಿದಿತ್ತು.

“ಯಾರಪ್ಪಾ ಮಗ?” ಎಂದು ಹಿಲಾಲ್‌ನನ್ನು ಕರೆದರು. “ಬಾ, ಕಥೆ ಹೇಳ್ತೀನಿ. ಮಂಡಿ ನೋವಿಗೆ ಕೊಟ್ಟ ಮಾತ್ರೆ ಬಿಪಿ ಏರಿಸಿರಬೇಕು. ಏರಿದೆ ಅಂತ ಎರಡನೆಯವರು ಬಿಪಿ ಮಾತ್ರೆ ಕೊಟ್ರು. ಅದೇ ಮಾತ್ರೆ ಮನೇಲಿ ಆಗಲೇ ಇತ್ತು. ಡಬಲ್ ಆಗಿದ್ದಕ್ಕೆ ಕಾಲು ಊದಿತು. ಊತಕ್ಕೆ ಮೂರನೆಯವರು ನೀರು ಇಳಿಸೋ ಮಾತ್ರೆ ಕೊಟ್ರು. ಬಿಪಿ ಇನ್ನೂ ಇಳಿದು ತಲೆ ತಿರುಗಿತು. ತಲೆ ತಿರುಗೋದಕ್ಕೆ ನಾಲ್ಕನೆಯವರು ಇನ್ನೊಂದು. ಮಂಡಿಗೆ ಅಂತ ಎರಡು ಕಡೆಯಿಂದ ನೋವಿನ ಮಾತ್ರೆ ಬೇರೆ. ಮೂತ್ರಪಿಂಡಕ್ಕೆ ಏಟು ಬಿದ್ದಿದೆಯಾ ಅಂತ ರಕ್ತ ನೋಡಬೇಕು.”

ಹಿಲಾಲ್ ಡಬ್ಬಿಗಳನ್ನು ನೋಡುತ್ತಾ ನಿಂತ. “ಎಲ್ಲಾ ಕಡೆ ನಾನೇ ಕರ್ಕೊಂಡು ಹೋಗಿದ್ದು” ಎಂದ ಸಣ್ಣ ದನಿಯಲ್ಲಿ.

“ಪ್ರೀತಿಯಿಂದ ಕರ್ಕೊಂಡು ಹೋದೆ. ಇನ್ಮೇಲೆ ಚೀಲದ ಜೊತೆ ಕರ್ಕೊಂಡು ಹೋಗು” ಎಂದರು ಡಾಕ್ಟರು. “ಇವತ್ತು ಬಿಟ್ಟಿದ್ರೆ ಮುಂದಿನ ವಾರ ಇವರನ್ನ ಇಲ್ಲೇ ವಾರ್ಡಿನ ಮಂಚದ ಮೇಲೆ ನೋಡ್ತಿದ್ದೆ.”

ಅಷ್ಟು ಹೊತ್ತು ಗಟ್ಟಿಯಾಗಿದ್ದ ನನ್ನ ಕಣ್ಣಲ್ಲಿ ನೀರು ಬಂತು. ಏಳರಲ್ಲಿ ಎರಡೇ ಉಳಿದವು. ಮಿಕ್ಕ ಐದನ್ನು ಹೇಗೆ ಬಿಡಬೇಕೆಂದು ಡಾಕ್ಟರೇ ಹೇಳಿದರು. ಒಂದು ಕಾರ್ಡಿನ ಮೇಲೆ ಮಾತ್ರೆಯ ಹೆಸರು, ಯಾವ ಕಾಯಿಲೆಗೆ, ದಿನದ ಯಾವ ಹೊತ್ತಿಗೆ, ಎಲ್ಲಾ ಬರೆದುಕೊಟ್ಟರು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸ್ವಲ್ಪ ದಣಿದಿರುವುದು ಕಂಡಿತು. ಎರಡು ವಾರದ ನಂತರ ನೋಡಿದಾಗ ಚೇತರಿಸಿಕೊಂಡಿತ್ತು. ಕಾಲಿನ ಊತ ಇಳಿದು ಖಾಲಾರ ಹಳೆಯ ಚಪ್ಪಲಿ ಸಡಿಲವಾಯಿತು.

ಬಲೂನಿನ ಕ್ಲಿನಿಕ್ಕಿಗೂ ಹೋಗಿ ಹೇಳಿ ಬಂದೆ. ಅಲ್ಲಿಯ ಡಾಕ್ಟರಿಗೆ ಬೇಜಾರಾಗಲಿಲ್ಲ. “ಹೇಳಿದ್ರೆ ನಮಗೇ ಒಳ್ಳೇದು ಅಮ್ಮ, ಯಾರೂ ಹೇಳೋದೇ ಇಲ್ಲ” ಎಂದರು. ಖಾಲಾ ಅದನ್ನು ಕೇಳಿ, “ಅಯ್ಯೋ, ಮೊದಲೇ ಗೊತ್ತಿದ್ರೆ!” ಎಂದು ಹಣೆ ಚಚ್ಚಿಕೊಂಡರು.

ರಕ್ತ ಎರಡನೇ ಸಲ ನೋಡಿಸಿದ ವಾರದ ಗುರುವಾರ ನಸ್ರಾಗೆ ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತಂದ ದಿನ ಖಾಲಾ ಎದ್ದು ಬಾಗಿಲವರೆಗೆ ನಡೆದು, ಅಂಗಳದಲ್ಲಿ ನೆಟ್ಟಗೆ ನಿಂತರು. ಹಿಲಾಲ್ ಮಗುವನ್ನು ಎತ್ತಿಕೊಂಡು ಬಂದ. ತಾಯಿಯ ಎದುರು ಒಂದು ಗಳಿಗೆ ನಿಂತ.

“ಅಮ್ಮ, ಕೈ ಚಾಚು” ಎಂದ.

ಖಾಲಾ ಮಗುವನ್ನು ಎದೆಗೊತ್ತಿಕೊಂಡು, ಒಂದು ಹೆಜ್ಜೆಯೂ ತಪ್ಪದೆ ಒಳಗೆ ನಡೆದರು. ಮಗುವಿಗೆ ಝುವೈನಾ ಎಂದೇ ಹೆಸರಿಟ್ಟಿದ್ದಾರೆ. ಖಾಲಾರ ನಿಂಬೆ ವಾಸನೆಯ ಚೀಲ ಈಗ ಬಾಗಿಲ ಬಳಿ ಮೊಳೆಗೆ ನೇತಾಡುತ್ತದೆ. ಯಾವ ಡಾಕ್ಟರ ಹತ್ತಿರ ಹೊರಟರೂ ಮೊದಲು ಅದು, ಆಮೇಲೆ ಚಪ್ಪಲಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಲ್ಲೂ ಆಸ್ಪತ್ರೆಗಳು ಹೆಚ್ಚಿರಬಹುದು. ಹೆಚ್ಚಲಿ, ನಮಗೆ ಬೇಕು. ಸರ್ಕಾರಿಯೋ ಖಾಸಗಿಯೋ, ನಿಮಗೆ ಸರಿ ಕಂಡಲ್ಲಿ ಹೋಗಿ. ಆದರೆ ಹೋದಲ್ಲೆಲ್ಲ ನಿಮ್ಮ ಎಲ್ಲಾ ಮಾತ್ರೆ, ಎಲ್ಲಾ ಚೀಟಿ ಒಂದೇ ಚೀಲದಲ್ಲಿ ಒಯ್ಯಿರಿ. ನಾಟಿ ಮದ್ದು, ಪಕ್ಕದ ಮನೆಯವರು ಕೊಟ್ಟ ಮಾತ್ರೆ ಇದ್ದರೆ ಅದೂ ಇರಲಿ. ಡಾಕ್ಟರು ಕೇಳದಿದ್ದರೂ ತೋರಿಸಿ, ಅದರಲ್ಲಿ ಅವಮಾನವಿಲ್ಲ. ಹೆದರಿ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಯಾವುದು ಇರಬೇಕು ಯಾವುದು ಬೇಡ ಎಂದು ಅವರನ್ನೇ ಕೇಳಿ. ಮನೆಯ ಹಿರಿಯರಿಗೆ ಹೇಳಲು ಸಂಕೋಚವಾದರೆ ಜೊತೆಗೆ ಹೋಗಿ ಕೂತುಕೊಳ್ಳಿ.

ಈಗ ಈ ಹಾಳೆಯನ್ನು ಕೆಳಗಿಡಿ. ಎದ್ದು ಒಳಗೆ ಹೋಗಿ, ನಿಮ್ಮ ಅಮ್ಮನ ದಿಂಬು ಎತ್ತಿ ನೋಡಿ.