ಕೇಳದೇ ಇಳಿಸಿದ ಇಂಜಿನ್

ಡೆಲ್ಮರ್ ಕ್ರೌಸ್ ಸೊಂಟದ ಕೀಲು ಬದಲಾಯಿಸಿಕೊಂಡು, ಟೊಲಿಡೊದ ಆಸ್ಪತ್ರೆಯಲ್ಲಿ ಕೆಲವು ವಾರ ನಡಿಗೆ ಅಭ್ಯಾಸ ಮಾಡಿ ಮನೆಗೆ ಬಂದ ದಿನವೇ ಈ ರಾದ್ಧಾಂತ ಶುರುವಾಯಿತು. ನಾನು ಅವನ ಪಕ್ಕದ ಮನೆಯವನು, ಹೈಸ್ಕೂಲಿನಿಂದ ಜೊತೆಗಿದ್ದವನು. ಆ ದಿನ ಅವನ ಹೆಂಡತಿ ನೇಡೀನ್ ನನ್ನನ್ನೂ ಕರೆದಿದ್ದಳು. ಡೆಲ್ಮರನಿಗೆ ಏನೋ ಒಂದು ಉಡುಗೊರೆ ಕಾದಿದೆ, ಬಾಯಿ ಬಿಡಬೇಡ ಎಂದಷ್ಟೇ ಹೇಳಿದ್ದಳು.

ಡೆಲ್ಮರನದು 1970ರ ಶೆವೆಲ್ ಕಾರು. ಕಡುನೀಲಿ ಬಣ್ಣ, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ. ಕಾರ್ಖಾನೆಯಿಂದ ಹೊರಬಂದಾಗಲೇ ಅದು ಮೈತುಂಬ ಕಸುವಿದ್ದ ಗಾಡಿ. ಡೆಲ್ಮರನಿಗೆ ಅಷ್ಟು ಸಾಲಲಿಲ್ಲ. ಒಂದು ಚಳಿಗಾಲದಲ್ಲಿ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸಿದ. ಇನ್ನೊಂದು ಚಳಿಗಾಲದಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬದಲಿಸಿದ. ಮತ್ತೊಂದು ಇಡೀ ಚಳಿಗಾಲ, ಇಂಜಿನ್ ಸಲೀಸಾಗಿ ಉಸಿರಾಡಲಿ ಎಂದು, ಗಾಳಿ ಹೋಗುವ ಒಳದಾರಿಗಳನ್ನು ತನ್ನ ಕೈಯಾರೆ ಉಜ್ಜಿ ನುಣುಪು ಮಾಡಿದ. ವಾಲ್ವಿನ ಮುಚ್ಚಳಗಳಿಗೆ ಬಣ್ಣ ಬಳಿದು ನೇಡೀನಳ ಓವನ್ನಿನಲ್ಲಿಟ್ಟು ಒಣಗಿಸಿದ್ದರಿಂದ ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ಪೇಂಟಿನ ವಾಸನೆ ಹೊಡೆದದ್ದು ನನಗಿನ್ನೂ ನೆನಪಿದೆ. ನೇಡೀನ್ ಬೈದಳು, ಆಮೇಲೆ ಆ ಟರ್ಕಿಯನ್ನೇ ಎಲ್ಲರಿಗೂ ಬಡಿಸಿದಳು.

ಹಾಗೆ ಬೆಳೆದ ಇಂಜಿನ್ ತುಂಬ ಹಟಮಾರಿಯಾಗಿತ್ತು. ಚಳಿಯಲ್ಲಿ ಸ್ಟಾರ್ಟ್ ಆಗುತ್ತಿರಲಿಲ್ಲ, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಪ್ರತಿ ವಸಂತದಲ್ಲೂ ಡೆಲ್ಮರ್ ಅದರ ಮೇಲೆ ಬಗ್ಗಿ ನಿಂತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂಗಳನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ, ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದ. ಹದಕ್ಕೆ ಬಂದ ಮೇಲೆ ಮಾತ್ರ, ನಿಂತಲ್ಲೇ ಗುಡುಗುಡು ಎನ್ನುತ್ತಾ ನಡುವೆ ಒಂದು ಚೂರು ತಡವರಿಸುವ ಅದರ ಸದ್ದು ಕೇಳಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿರುತ್ತಿದ್ದ. ಮನೆಯವರ ಕಿವಿಗೆ ಬಿದ್ದದ್ದು ಬೈಗುಳ ಮಾತ್ರ. ಹಾಗಾಗಿಯೇ ಅವರು ತಪ್ಪು ತಿಳಿದರು.

ಅವನು ಆಸ್ಪತ್ರೆಯಲ್ಲಿದ್ದಾಗ ಅಳಿಯ ಬ್ರೆಂಟ್ ಕಾರನ್ನು ಹೆದ್ದಾರಿಯ ಪಕ್ಕದ ಲೈಲ್ ಬೆಕರ್ ಎಂಬವನ ಗ್ಯಾರೇಜಿಗೆ ಒಯ್ದಿದ್ದ. ಈಗ ಅದು ತೊಳೆಸಿಕೊಂಡು, ಬಾನೆಟ್ ಮೇಲೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಅಂಗಳದಲ್ಲಿ ನಿಂತಿತ್ತು. ಮಗಳು ಟೆರ್ರಿ ಚಪ್ಪಾಳೆ ತಟ್ಟಿದಳು. ಬ್ರೆಂಟ್ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದ. ಡೆಲ್ಮರ್ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಷ್ಟಪಟ್ಟು ಒಳಗೆ ಕೂತು ಕೀಲಿ ತಿರುಗಿಸಿದ. ತಿರುಗಿಸುವ ಮೊದಲೇ ಎನ್ನುವಂತೆ ಗಾಡಿ ಸ್ಟಾರ್ಟ್ ಆಯಿತು. ಫ್ರಿಜ್ಜಿನ ಸದ್ದಿನಂಥ ಒಂದು ಮೆತ್ತನೆಯ ಗುಂಯ್‌ಗುಟ್ಟುವಿಕೆ, ಅಷ್ಟೆ.

ಅವನು ಇಳಿದು ಬಾನೆಟ್ ಎತ್ತಿದ. ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ, ಸುತ್ತ ವೈರುಗಳು.

"ನನ್ನ ಇಂಜಿನ್ ಎಲ್ಲಿ?"

ಎಲ್ಲರೂ ನಕ್ಕರು. "ಇನ್ಮೇಲೆ ನಿಮಗೆ ಸ್ಕ್ರೂ ತಿರುಗಿಸೋ ಕಾಟ ಇಲ್ಲ ಮಾವ," ಎಂದ ಬ್ರೆಂಟ್. "ಎಲ್ಲಾ ಕಂಪ್ಯೂಟರೇ ನೋಡ್ಕೊಳುತ್ತೆ. ಹೊಚ್ಚಹೊಸದು. ನಾವೆಲ್ಲಾ ಸೇರಿ ಕೊಡಿಸಿದ್ದು."

"ನನ್ನ ಇಂಜಿನ್ ಎಲ್ಲಿ ಅಂತ ಕೇಳ್ದೆ."

ಈ ಸಲ ಯಾರೂ ನಗಲಿಲ್ಲ. ಬ್ರೆಂಟ್ ಫೋನ್ ಕೆಳಗಿಳಿಸಿದ. ಹಳೆಯದನ್ನು ಲೈಲ್ ಇಟ್ಟುಕೊಂಡನೆಂದೂ, ಅದು ಹೇಗೂ ಸವೆದಿತ್ತೆಂದು ಅವನೇ ಹೇಳಿದನೆಂದೂ ಗೊಣಗಿದ. ನೇಡೀನ್ ಮುಂದೆ ಬಂದು ಗಂಡನ ತೋಳು ಹಿಡಿದಳು. "ಪ್ರತಿ ವರ್ಷ ಅದನ್ನ ಬೈತಿದ್ದೆಯಲ್ಲ ಡೆಲ್ಮರ್. ನಿಂಗೆ ಅದು ಸಾಕಾಗಿದೆ ಅಂದ್ಕೊಂಡೆ."

"ನಿನ್ನೂ ಬೈತೀನಿ. ಅದಕ್ಕೆ ನಾನಿಲ್ದಾಗ ಇನ್ನೊಬ್ಬಳನ್ನ ತಂದು ಕೂರಿಸ್ತಾರಾ?" ಎಂದು ಕೈ ಬಿಡಿಸಿಕೊಂಡ. "ಸೊಂಟ ಕೊಯ್ಯೋ ಮುಂಚೆ ಡಾಕ್ಟರು ಕೂಡ ನನ್ನ ಕೇಳಿದ್ರು. ನೀವು ಕೇಳಿದ್ರಾ?"

ಊರುಗೋಲನ್ನೂ ಮರೆತು ಒಳಗೆ ಹೋದ. ಅವನಿಗಾಗಿ ತಂದಿದ್ದ ಕೇಕ್ ಹಾಗೆಯೇ ಮೇಜಿನ ಮೇಲೆ ಉಳಿಯಿತು.

ಆಮೇಲೆ ಊರಿನವರು ಮಾತಾಡಿದ್ದು ಕೇಳಿ ನನಗೇ ಮೈ ಉರಿಯಿತು. ಎಂಥ ಒಳ್ಳೆ ಮಕ್ಕಳು, ಮುದುಕನಿಗೆ ಉಪಕಾರ ಸ್ಮರಣೆಯೇ ಇಲ್ಲ ಎಂದರು. ಬ್ರೆಂಟ್ ಆ ವಿಡಿಯೊದ ಮೊದಲರ್ಧವನ್ನು, ಎಲ್ಲರೂ ನಗುವವರೆಗಿನದನ್ನು, ಇಂಟರ್ನೆಟ್ಟಿಗೆ ಹಾಕಿಬಿಟ್ಟಿದ್ದ. ಅದಕ್ಕೆ ಬಂದ ಹೊಗಳಿಕೆಗಳನ್ನು ಟೆರ್ರಿ ಅಪ್ಪನಿಗೆ ಓದಿ ಹೇಳಲು ಹೋಗಿ ಉಗಿಸಿಕೊಂಡಳು. ಒಬ್ಬನ ಅರ್ಧ ಬದುಕನ್ನು ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟು, ಮೇಲೆ ಅವನೇ ಥ್ಯಾಂಕ್ಸ್ ಹೇಳಬೇಕೆಂದು ಕಾಯುವುದು ಯಾವ ಸೀಮೆಯ ಪ್ರೀತಿಯೋ ನನಗೆ ತಿಳಿಯದು.

ಮರುವಾರ ನನ್ನ ಪಿಕಪ್ಪಿನಲ್ಲಿ ಇಬ್ಬರೂ ಲೈಲ್ ಬೆಕರನ ಗ್ಯಾರೇಜಿಗೆ ಹೋದೆವು. ಅವನು ಕಾಫಿ ಕೊಟ್ಟ, ಬೆನ್ನು ತಟ್ಟಿದ, ಹೊಸ ಇಂಜಿನ್ ಹೇಗೆ ಓಡುತ್ತಿದೆ ಎಂದು ಕೇಳಿದ. ಹಳೆಯದನ್ನು ಆಗಲೇ ಮಾರಿದ್ದಾಗಿ ಸಲೀಸಾಗಿ ಹೇಳಿದ.

"ಸವೆದಿದೆ ಅಂದಿದ್ಯಂತೆ," ಎಂದ ಡೆಲ್ಮರ್. "ಬಿಚ್ಚಿ ನೋಡಿದ್ಯಾ?"

"ಅಷ್ಟು ಹಳೇದನ್ನ ಬಿಚ್ಚಿ ನೋಡೋದೇನಿದೆ ಯಜಮಾನ್ರೆ? ತುಕ್ಕು ಕಬ್ಬಿಣ."

"ತುಕ್ಕು ಕಬ್ಬಿಣಾನ ಯಾವನು ಕೊಂಡ್ಕೊಂಡ?"

ಲೈಲ್ ಕಾಫಿ ಲೋಟದೊಳಗೆ ನೋಡಿಕೊಂಡ. ಕೊನೆಗೆ ಹೆಸರು ಹೇಳಿದ. ಜೊಲೀನ್ ಪ್ರುಯಿಟ್, ಪಕ್ಕದ ಕೌಂಟಿಯಲ್ಲಿ ಶಾಲಾ ಬಸ್ ಓಡಿಸುವವಳು, ಶನಿವಾರಗಳಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಹಳೆ ಕಾರುಗಳ ರೇಸಿಗೆ ಇಳಿಯುವವಳು.

ಆ ಶನಿವಾರ ಮಧ್ಯಾಹ್ನ ನಾವು ಆ ಟ್ರ್ಯಾಕಿನ ಬೇಲಿಯ ಪಕ್ಕ ನಿಂತಿದ್ದೆವು. ಅಭ್ಯಾಸದ ಸುತ್ತುಗಳು ನಡೆಯುತ್ತಿದ್ದವು. ಅಷ್ಟು ಕಾರುಗಳ ನಡುವೆಯೂ ಡೆಲ್ಮರ್ ತನ್ನದರ ಸದ್ದನ್ನು ಹಿಡಿದುಬಿಟ್ಟ. ಆದರೆ ಅವನ ಮುಖ ಅರಳಲಿಲ್ಲ. ತಿರುವು ದಾಟಿ ಗಾಡಿ ವೇಗ ಹಿಡಿಯಬೇಕಾದಲ್ಲಿ ಇಂಜಿನ್ ಮುಗ್ಗರಿಸುತ್ತಿತ್ತು, ಪಟ್ ಪಟ್ ಎಂದು ಸಿಡಿಯುತ್ತಿತ್ತು.

"ಕೇಳಿಸ್ತೇನೋ?" ಎಂದ ನನಗೆ. "ಕದ್ದದ್ದು ಸಾಲ್ದು ಅಂತ ಉಪವಾಸ ಬೇರೆ ಕೆಡವಿದ್ದಾರೆ."

ಕಾರುಗಳು ನಿಲ್ಲುವ ಜಾಗಕ್ಕೆ ಅವನು ಊರುಗೋಲು ಊರಿಕೊಂಡು ಹೋದ ವೇಗಕ್ಕೆ ನಾನು ಹಿಂದೆ ಬಿದ್ದೆ. ಜೊಲೀನ್ ಹೆಲ್ಮೆಟ್ ತೆಗೆದು ನೀರು ಕುಡಿಯುತ್ತಿದ್ದಳು. ದಪ್ಪ ಮೈಕಟ್ಟಿನ, ಮುಖಕ್ಕೆಲ್ಲ ಮಣ್ಣು ಮೆತ್ತಿದ ಹೆಂಗಸು. ಆ ಇಂಜಿನ್ ತನ್ನದೆಂದು ಡೆಲ್ಮರ್ ಹೇಳಿದಾಗ ಅವಳು ಬಾಟಲಿಯನ್ನು ನಿಧಾನವಾಗಿ ಮುಚ್ಚಿದಳು.

"ನಾನು ಕದ್ದು ತಂದಿಲ್ಲ ಯಜಮಾನ್ರೆ. ಲೈಲ್ ಹತ್ರ ದುಡ್ಡು ಕೊಟ್ಟು ತಗೊಂಡಿದೀನಿ. ಮಾಲೀಕ ತೀರಿಕೊಂಡ ಅಂದ ಅವನು."

"ತೀರಿಕೊಂಡಿದ್ರೂ ಈ ಸದ್ದು ಕೇಳಿ ಎದ್ದು ಬರ್ತಿದ್ದೆ," ಎಂದ ಡೆಲ್ಮರ್. ಆಮೇಲೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸೆಂದು ಅವಳಿಗೆ ಗದರಿದ. ಗದರಿದ್ದಕ್ಕೆ ಅವಳೂ ಸಿಡುಕಿದಳು, ಆದರೂ ಬಿಚ್ಚಿದಳು. ಪ್ಲಗ್ಗಿನ ತುದಿ ಸುಣ್ಣ ಬಳಿದಂತೆ ಬಿಳಿಚಿತ್ತು. ಪೆಟ್ರೋಲ್ ಸಾಲದೆ ಇಂಜಿನ್ ಒಳಗೊಳಗೇ ಬೇಯುತ್ತಿದೆ ಎಂದು ಅದರ ಅರ್ಥ. ಲೈಲ್ ಮೂಲ ಕಾರ್ಬೊರೇಟರನ್ನು ಬೇರೆಯಾಗಿ ಮಾರಿಕೊಂಡು, ಅದರ ಜಾಗಕ್ಕೆ ಯಾವುದೋ ಚಿಕ್ಕದನ್ನು ಸಿಕ್ಕಿಸಿ ಕೊಟ್ಟಿದ್ದ. ಇನ್ನು ಕೆಲವು ರೇಸ್ ಕಳೆದಿದ್ದರೆ ಪಿಸ್ಟನ್ನೇ ಕರಗಿ ತೂತಾಗುತ್ತಿತ್ತು.

ಅಂದು ಅವಳು ರೇಸಿಗೆ ಇಳಿಯಲಿಲ್ಲ. ಡೆಲ್ಮರ್ ಇಳಿಯಗೊಡಲಿಲ್ಲ ಎನ್ನುವುದೇ ಸರಿ. ಮರುದಿನ ಚರ್ಚ್ ಬಿಟ್ಟ ಮೇಲೆ ಅವಳ ಶೆಡ್ಡಿಗೆ ಹೋಗಿ, ನನ್ನಲ್ಲಿದ್ದ ಒಂದು ದೊಡ್ಡ ಕಾರ್ಬೊರೇಟರನ್ನು ಕೂರಿಸಿ, ಪೆಟ್ರೋಲ್ ಹಾಯುವ ಜೆಟ್ಟುಗಳನ್ನು ಬದಲಿಸುತ್ತಾ, ಕಿಡಿ ಹಾರುವ ಹೊತ್ತನ್ನು ಹೊಂದಿಸುತ್ತಾ, ಸಂಜೆಯವರೆಗೂ ಬೈಯುತ್ತಾ ಕೂತ. ಜೊಲೀನ್ ಕೂಡ ಬಿಡುವವಳಲ್ಲ, ಮಾತಿಗೆ ಮಾತು ಕೊಟ್ಟಳು. ಕೊನೆಗೆ ಹದ ಕೂಡಿ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. ಇಂಜಿನ್ ನಿಂತಲ್ಲೇ ಗುಡುಗಿ, ಒಂದು ಚೂರು ತಡವರಿಸಿ, ಮತ್ತೆ ಗುಡುಗಿತು. ಡೆಲ್ಮರ್ ಆಚೆ ತಿರುಗಿಕೊಂಡು ಮೂಗು ಒರೆಸಿಕೊಂಡ. ಜೊಲೀನ್ ನೋಡಿಯೂ ನೋಡದಂತೆ ಪಾನೆಗಳನ್ನು ಎತ್ತಿಟ್ಟಳು.

ಸೀಸನ್ ಮುಗಿಯುವವರೆಗೆ ಇಂಜಿನ್ ತನಗೆ ಬಿಡಬೇಕು, ಮುಗಿದ ಮೇಲೆ ತಾನೇ ತಂದು ಇಳಿಸುತ್ತೇನೆ, ಬದಲಿಗೆ ಇನ್ನೊಂದು ಹಳೆ ಇಂಜಿನನ್ನು ಹೀಗೆಯೇ ಕಟ್ಟಿಕೊಡಬೇಕು ಎಂದಳು. ಡೆಲ್ಮರ್ ಒಪ್ಪಿದ. ಆ ಬೇಸಿಗೆಯ ಶನಿವಾರಗಳೆಲ್ಲ ಅವಳ ಕಾರಿನ ಪಕ್ಕದಲ್ಲೇ ಕಳೆದವು. ಎರಡು ರೇಸ್ ಗೆದ್ದಳು. ಸೋತ ದಿನ ಟ್ರ್ಯಾಕಿನ ಮಣ್ಣಿಗೂ ಇವನು ಬೈದ.

ಅಕ್ಟೋಬರಿನಲ್ಲಿ ಅವಳು ಮಾತಿನಂತೆ ಇಂಜಿನ್ ತಂದಳು. ಅದನ್ನು ಮತ್ತೆ ಕೂರಿಸಲು ಹೊಸದನ್ನು ಹೊರಗೆ ಎಳೆಯಬೇಕಿತ್ತು. ಯಾರೂ ಕರೆಯದೆ ಬ್ರೆಂಟ್ ಬಂದು ಡೆಲ್ಮರನ ಶೆಡ್ಡಿನ ಬಾಗಿಲಲ್ಲಿ ನಿಂತ. ವಿಡಿಯೊ ತೆಗೆದುಹಾಕಿದ್ದಾಗಿ ಹೇಳಿದ. ಲೈಲ್ ಜೊತೆ ಜಗಳವಾಡಿ ಬಂದಿದ್ದನಂತೆ. ಜಗಳದಿಂದ ಮೂಲ ಕಾರ್ಬೊರೇಟರ್ ಏನೂ ವಾಪಸ್ ಬರಲಿಲ್ಲ.

"ನಂಗಿನ್ನೂ ಕೋಪ ಇದೆ," ಎಂದ ಡೆಲ್ಮರ್, ಅವನತ್ತ ನೋಡದೆ.

"ಗೊತ್ತು ಮಾವ."

"ಗೊತ್ತಿದ್ರೆ ಆ ಸರಪಳಿ ಹಿಡ್ಕೋ."

ಇಬ್ಬರೂ ಸೇರಿ ಎಳೆದ ಹೊಸ ಇಂಜಿನ್ ಈಗ ಬ್ರೆಂಟನ ಗ್ಯಾರೇಜಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿದೆ. ಟೆರ್ರಿಗೆ ಅದನ್ನು ಕಂಡರೆ ಈಗಲೂ ಸಂಕಟ. ನೇಡೀನ್ ಮಾತ್ರ ಒಂದು ದಿನ ಶೆಡ್ಡಿಗೆ ಬಂದು, ಇನ್ನು ಮುಂದೆ ನೀನು ಬೈದದ್ದನ್ನೆಲ್ಲ ನಿಜ ಅಂದುಕೊಳ್ಳುವುದಿಲ್ಲ ಎಂದು ಗಂಡನಿಗೆ ಹೇಳಿ, ಒಂದು ತಟ್ಟೆ ಮೀಟ್‌ಲೋಫ್ ಮಾಂಸದಡುಗೆ ಇಟ್ಟು ಹೋದಳು.

ಮೊನ್ನೆ ಮೇ ತಿಂಗಳಿನಲ್ಲಿ ಐಸ್‌ಕ್ರೀಮ್ ಅಂಗಡಿಯ ಮುಂದೆ ಹಳೆ ಕಾರುಗಳು ಸೇರುವ ಶನಿವಾರ, ಶೆವೆಲ್ ಬಾನೆಟ್ ಎತ್ತಿಕೊಂಡು ಗುಡುಗುತ್ತಾ ನಿಂತಿತ್ತು. ಸುತ್ತ ಜನ ಸೇರಿದ್ದರು. ಲೈಲ್ ಬೆಕರ್ ಗುಂಪು ಸರಿಸಿಕೊಂಡು ಬಂದು, ಏನೂ ಆಗದವನಂತೆ ನಕ್ಕು, ಸದ್ದು ಚೆನ್ನಾಗಿದೆ ಎಂದು ಕೈ ಚಾಚಿದ.

"ಕೈ ಎಣ್ಣೆ ಆಗಿದೆ," ಎಂದ ಡೆಲ್ಮರ್.

ಅವನ ಕೈ ಸ್ವಚ್ಛವಾಗಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಲೈಲ್ ಚಾಚಿದ ಕೈಯನ್ನು ಜೇಬಿಗೆ ಸೇರಿಸಿಕೊಂಡು, ಬಂದ ದಾರಿಯಲ್ಲೇ ಗುಂಪು ಸರಿಸಿಕೊಂಡು ಹೋದ.